ಹಪ್ಪಳದ ಚಾಪೆಯ ಮೇಲೆ ಭಾವನ ಪ್ಲೇಟು

ನಾನು ಕುಮಟಾದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಪದ್ಧತಿ ಪ್ರಕಾರ ಮಾಡಿದ ಕೆಲಸ ಎಂದೂ ಕೆಡುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬೋಧಿಸುತ್ತ ಬಂದವನು. ಆದ್ದರಿಂದ ಭಾವ ತಮ್ಮ ಕೊನೆಯ ಆಸೆ ಹೇಳಿದಾಗ, "ಅಷ್ಟೇ ತಾನೆ? ನಂಗೆ ಬಿಡಿ!" ಎಂದುಬಿಟ್ಟೆ.

ಭಾವ ಎಂದರೆ ಅಕ್ಕನ ಗಂಡ. ಹೊನ್ನಾವರದಲ್ಲಿ ಮದುವೆ ಬ್ಯಾಂಡಿನ ಯಜಮಾನರು, ಟ್ರಂಪೆಟ್ ಊದುವವರು. ಈಗ ಶ್ವಾಸಕೋಶ ಪೂರ್ತಿ ಕೆಟ್ಟು, ಮಳೆಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಹರೆಯದಲ್ಲಿ ಮುಂಬಯಿಯಲ್ಲಿದ್ದಾಗ ಅವರು ಇಂಗ್ಲೆಂಡಿನ ಯಾವುದೋ ತಂಡದ ಪ್ಲೇಟು, ಅಂದರೆ ಗ್ರಾಮಫೋನ್ ರೆಕಾರ್ಡು, ಕೊಂಡಿದ್ದರಂತೆ. ಗಿಟಾರು, ಡ್ರಮ್ಮುಗಳ ನಡುವೆ ನಾಲ್ಕು ಜನ ಸೇರಿ ಟ್ರಂಪೆಟ್ ಊದುವ ರಾಕ್ ಸಂಗೀತ. ಇಂಗ್ಲೆಂಡಿನವರೇ ಅದನ್ನು ಮರೆತಿದ್ದರು, ಭಾವ ಮರೆತಿರಲಿಲ್ಲ. ಊರಿಗೆ ಬಂದ ಹೊಸತರಲ್ಲಿ ಶರಾವತಿ ದಾಟುವಾಗ ದೋಣಿಯಿಂದ ಅದು ಹೊಳೆಗೆ ಬಿದ್ದುಹೋಗಿತ್ತು. ಮೊದಲ ಹಾಡಿನ ಟ್ರಂಪೆಟ್ಟನ್ನು ಇನ್ನೊಮ್ಮೆ ಕೇಳಬೇಕು ಎಂಬುದೇ ಅವರ ಆಸೆ.

ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯ ಸಾಹೇಬರು ಇಂಟರ್ನೆಟ್ಟಿನಲ್ಲಿ ಹುಡುಕಿಸಿದರು. ಆ ಪ್ಲೇಟು ಹೊಸದಾಗಿ ಮತ್ತೆ ಅಚ್ಚಾಗಿತ್ತು! ಲಂಡನ್ನಿನಿಂದ ಬರುವ ಅಳಿಯನ ಕೈಯಲ್ಲಿ ತರಿಸಿಯೂ ಕೊಟ್ಟರು.

"ಮಾಸ್ತರ್ರೇ, ಸಂಭಾಳಿಸಿ ಇಟ್ಕೊಳ್ಳಿ. ಮತ್ತೆ ಸಿಗೂ ಮಾಲಲ್ಲ ಇದು."

ಭಟ್ಕಳದಿಂದ ಕುಮಟಾಕ್ಕೆ ಬರುವ ಬಸ್ಸು ಹೊನ್ನಾವರದಲ್ಲಿ ನಿಲ್ಲುತ್ತದೆ. ಬುದ್ಧಿ ಇದ್ದವನು ಅಲ್ಲೇ ಇಳಿಯುತ್ತಿದ್ದ. ನಾನು ಇಳಿಯಲಿಲ್ಲ! ಶಾಲೆಯ ಹಳೆಯ ರೆಕಾರ್ಡ್ ಪ್ಲೇಯರಿಗೆ ಎಣ್ಣೆ ಬಿಟ್ಟು, ಭಾನುವಾರ ಎರಡನ್ನೂ ಒಟ್ಟಿಗೆ ಒಯ್ಯುವುದು ನನ್ನ ಪದ್ಧತಿ. ಹಳದೀಪುರ ದಾಟುತ್ತಲೇ ಅಕಾಲದ ಮಳೆ ಹೊಡೆಯಿತು. ಕಿಟಕಿಯ ಗಾಜು ಜಪ್ಪಯ್ಯ ಎಂದರೂ ಸರಿಯಲಿಲ್ಲ. ಚೀಲ ತೊಪ್ಪೆಯಾಯಿತು.

ಮಾರನೆಯ ದಿನ ರಣಬಿಸಿಲು. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲಿಗೆ ಬೀಳದ ವಸ್ತುವೇ ಇಲ್ಲ. ಮಳೆಗಾಲದ ಮುಂಚೆ ಒಣಗಿಸದೆ ಇಟ್ಟದ್ದಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಹೆಂಡತಿ ತಾರಸಿಯ ಮೇಲೆ ಇಂಗು ಹಾಕಿದ ಉದ್ದಿನ ಹಪ್ಪಳ ಹರಡಿದ್ದಳು. ಅದೇ ಚಾಪೆಯ ತುದಿಯಲ್ಲಿ ನಾನೂ ಪ್ಲೇಟು ಹರಡಿದೆ.

"ಇದೆಂತದು? ಅದನ್ನ ಬಿಸಿಲಿಗೆ ಇಡೂದಾ?"

"ಒದ್ದೆಯಾದದ್ದು ಮತ್ತೆಲ್ಲಿ ಒಣಗಬೇಕು? ವಿಜ್ಞಾನ ನಿಂಗೆ ತಿಳಿಯೂದಿಲ್ಲ."

"ಆತು. ಕಾಗೆ ಬಂದ್ರೆ ಎರಡನ್ನೂ ನೀವೇ ನೋಡ್ಕಳಿ."

ನೋಡಿಕೊಂಡೆ. ಒಂದೇ ಒಂದು ಕಾಗೆಯನ್ನೂ ಹತ್ತಿರ ಸುಳಿಯಗೊಡಲಿಲ್ಲ! ಮಧ್ಯಾಹ್ನ ಎತ್ತಲು ಹೋದರೆ ಹಪ್ಪಳಗಳು ಚಪ್ಪಟೆಯಾಗಿಯೇ ಇದ್ದವು. ಬಾಣಲೆಗೆ ಬಿಟ್ಟಂತೆ ಅಂಚೆದ್ದು ನಿಂತದ್ದು ಪ್ಲೇಟು.

ಅದರ ಮೇಲೆ ಎರಡು ದಿನ ಅಕ್ಕಿ ಮೂಟೆ ಹೇರಿದೆ. ನಡು ಸಪಾಟಾಯಿತು. ಅಂಚು ಜಗ್ಗಲಿಲ್ಲ. ಮೊದಲ ಹಾಡು ಇರುವುದು ಆ ಅಂಚಿನಲ್ಲೇ.

ಭಾನುವಾರ ಅಕ್ಕ ಭಾವನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದಳು. ಹಟ ಮಾಡಿ ಬ್ಯಾಂಡಿನ ಕೆಂಪು ಕೋಟು ಹಾಕಿಸಿಕೊಂಡಿದ್ದರು. ಕೋಟಿನೊಳಗೆ ಅರ್ಧ ಭಾವನೂ ಇರಲಿಲ್ಲ. ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದರು. ಆಮೇಲೆ ವಾಪಸು ಕೊಟ್ಟರು.

ಪ್ಲೇಯರಿನ ಮುಳ್ಳು ಇಟ್ಟೆ, ಜಾರಿತು. ಮತ್ತೆ ಇಟ್ಟೆ, ಹಾರಿತು! ಹಾರಿ ಹಾರಿ ಕೊನೆಯ ಹಾಡಿಗೆ ಬಿದ್ದು ಸರಾಗ ಓಡಿತು. ಆ ಹಾಡಿನಲ್ಲಿ ಟ್ರಂಪೆಟ್ಟೇ ಇರಲಿಲ್ಲ.

"ಕಂಪನಿಯವ್ರೇ ಸರಿ ಅಚ್ಚು ಹಾಕ್ಲಿಲ್ಲ, ಭಾವ," ಎಂದೆ. ಇಪ್ಪತ್ತು ವರ್ಷ ಸತ್ಯ ಬೋಧಿಸಿದ ಬಾಯಿ!

"ಇರ್ಲಿ ಬಿಡು ಮಾರಾಯ. ಮದುವೆ ಮನೇಲಿ ನಾವೂ ಎಷ್ಟು ಸಲ ಶುರು ತಪ್ಪಿದ್ದೇವೆ," ಎಂದು ಭಾವ ನಕ್ಕರು, ಕೆಮ್ಮಿದರು. ಆಮೇಲೆ ತುಟಿ ಬಿಗಿದು ಮೊದಲ ಹಾಡಿನ ರಾಗವನ್ನು ತಾವೇ ಊದಲು ನೋಡಿದರು. ಎರಡು ಸ್ವರಕ್ಕೇ ಉಸಿರು ಮುಗಿಯಿತು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಜೂನ್ ಮೊದಲ ವಾರ ಭಾವ ಹೋದರು.

ಹದಿಮೂರನೆಯ ದಿನದ ಊಟಕ್ಕೆ ಕೂತಿದ್ದಾಗ ಅಕ್ಕ ಪಕ್ಕಕ್ಕೆ ಬಂದಳು. ನನ್ನ ಎಲೆಯ ಮೇಲೆ ಹಪ್ಪಳ ಬಿದ್ದಿತ್ತು.

"ತಮ್ಮಾ, ನಿಂಗೆ ಹೇಳ್ಬೇಡ ಅಂದಿದ್ರು. ಪ್ಲೇಟು ಕೈಗೆ ತಕಂಡಾಗ್ಲೇ ಅವ್ರಿಗೆ ಇಂಗಿನ ವಾಸನೆ ಬಂದಿತ್ತಂತೆ. 'ಪಾಪ, ಹಪ್ಪಳದ ಸಂಗಡ ಒಣಗಿಸಿದ್ದಾನೆ. ಮಾಸ್ತರ ಅಂವ, ನಾಚ್ಕೆ ಆಗ್ತದೆ. ಸುಮ್ನಿರು' ಅಂದ್ರು."

ಎಲೆಯ ಮೇಲಿನ ಹಪ್ಪಳವನ್ನು ಅನ್ನದ ಕೆಳಗೆ ಮುಚ್ಚಿದೆ.

ಆ ತಿಂಗಳ ಕೊನೆಗೆ ಎಂಟನೇ ತರಗತಿಗೆ ಉಷ್ಣದ ಪಾಠ ಬಂತು. ಕಾಯಿಸಿದರೆ ವಸ್ತುಗಳ ಆಕಾರ ಬದಲಾಗುತ್ತದೆ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಉದಾಹರಣೆಗೆ ರೈಲು ಹಳಿ ಎಂದು ಬರೆದೆ. ಇನ್ನೊಂದು ಉದಾಹರಣೆ ಗೊತ್ತಿತ್ತು. ಅದನ್ನು ಬರೆಯುವ ಧೈರ್ಯ ಮಾಸ್ತರರಿಗೆ ಬರಲಿಲ್ಲ.