ಅಕ್ಕನ ಬಣ್ಣ ಕಲಸಿದ ಕಾಕಾ

ನಮ್ಮ ಕಾಕಾ ನಿಮ್ಮತ್ತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ, ನಿಮ್ಮನ್ನೇ ನೋಡುತ್ತಿದ್ದಾನೆಂದು ಮಾತ್ರ ಉಬ್ಬಬೇಡಿ! ನಿಮ್ಮ ಹಿಂದಿನ ಬೇವಿನ ಮರವನ್ನು ನೋಡುತ್ತಿರುತ್ತಾನೆ. ಹೈದರಾಬಾದಿನಿಂದ ಒಂದು ಡಬ್ಬಿ ಕ್ಯಾಮೆರಾ ತಂದಂದಿನಿಂದ ಅಪ್ಪನ ಈ ತಮ್ಮನಿಗೆ ಇಡೀ ಸಿಂಧನೂರೇ ಬೇರೆಯಾಗಿ ಕಾಣತೊಡಗಿತ್ತು. ಮನೆಯೊಳಗೆ ಫೋಟೋ ತೆಗೆಯುವುದಿಲ್ಲ, ಯಾರನ್ನೂ ನಟ್ಟನಡುವೆ ನಿಲ್ಲಿಸುವುದಿಲ್ಲ. ಇವೆರಡು ಅವನ ವ್ರತ.

ಕಾಲುವೆ ನೀರು ಬಂದ ಹೊಸತರಲ್ಲಿ ಗೊರೇಬಾಳದ ಗೌಡರು ಕರೆಸಿದರು. ಜರಿ ರುಮಾಲು ಸುತ್ತಿ, ಮೀಸೆ ತಿರುವಿ, ಒಂದು ತಾಸು ಬಿಸಿಲಲ್ಲಿ ನಿಂತರು. ಫೋಟೋ ನೋಡಿದರೆ ಗೌಡರು ಒಂದು ಮೂಲೆಯಲ್ಲಿ, ಉಳಿದದ್ದೆಲ್ಲ ಭತ್ತದ ಗದ್ದೆ, ಬರೀ ನೆಲ್ಲು!

"ನಂದು ತೆಗಿಯೋ ಅಂದ್ರ ನೆಲ್ಲಿಂದು ತಗದೀಯಲ್ಲೋ," ಎಂದರು.

"ನೆಲ್ಲು ನಿಮ್ದ ಅಲ್ಲೇನ್ರಿ ಗೌಡ್ರ?" ಎಂದ ಕಾಕಾ.

ಗೌಡರು ಇನ್ನೊಮ್ಮೆ ನೋಡಿ, ಅದನ್ನು ಪಡಸಾಲೆಯಲ್ಲಿ ತೂಗುಹಾಕಿಸಿದರು.

ಆಗಿನ ಫೋಟೋ ಕಪ್ಪು-ಬಿಳುಪು. ರಾಯಚೂರಿನಲ್ಲಿ ತೊಳೆಸಿ ತಂದ ಮೇಲೆ ಕಾಕಾ ಕೈಯಾರೆ ಬಣ್ಣ ತುಂಬುತ್ತಿದ್ದ. ಮನೆಯಲ್ಲಿ ಕೂತು ತುಂಬಿದರೆ ಆಗದೇ? ಆಗದು! ತೆಗೆದ ಜಾಗಕ್ಕೇ, ತೆಗೆದ ಹೊತ್ತಿಗೇ ಮರಳಿ ಹೋಗಿ ತಾಳೆ ನೋಡಬೇಕು. ಕುಂಚದ ತುದಿಯನ್ನು ನಾಲಿಗೆಯಿಂದ ಚೂಪು ಮಾಡುವ ಚಟ ಬೇರೆ. ಹೀಗಾಗಿ ಎಲ್ಲಿಗೆ ಹೋಗಿದ್ದಿರಿ ಎಂದು ಅವನ ಹೆಂಡತಿ, ನಮ್ಮ ಕಾಕು, ಎಂದೂ ಕೇಳುತ್ತಿರಲಿಲ್ಲ. ನಾಲಿಗೆ ಹಸಿರಿದ್ದರೆ ಗದ್ದೆ, ಕೆಂಪಿದ್ದರೆ ಮಸ್ಕಿಯ ಗುಡ್ಡ.

ಇಂಥವನ ಪಾಲಿಗೆ ನಮ್ಮಕ್ಕನ ಫೋಟೋ ಬಂತು. ಲಿಂಗಸುಗೂರಿನ ಒಂದು ಮನೆಯವರು ಹುಡುಗಿಯ ಫೋಟೋ ಕೇಳಿದ್ದರು. ಅಕ್ಕನದು ಎಣ್ಣೆಗಪ್ಪು. ಹಿಂದೆ ಸ್ಟುಡಿಯೋದವನೊಬ್ಬ ಅವಳ ಮುಖಕ್ಕೆ ಗುಲಾಬಿ ಬಳಿದುಕೊಟ್ಟಿದ್ದ. ಅದನ್ನು ಮೆಚ್ಚಿ ಬಂದ ಎರಡು ಕಡೆಯವರು ಅಕ್ಕನನ್ನು ಕಂಡೊಡನೆ ಎದ್ದುಹೋಗಿದ್ದರು. ಈ ಸಲವೂ ಹಾಗಾದರೆ ಇನ್ನು ಯಾರ ಮುಂದೆಯೂ ಬಂದು ಕೂರುವುದಿಲ್ಲ ಎಂದು ಅಕ್ಕ ಹೇಳಿಬಿಟ್ಟಿದ್ದಳು.

ಕಾಕಾ ಅವಳನ್ನು ಮಸ್ಕಿಯ ಗುಡ್ಡದಲ್ಲಿ, ಇಳಿಬಿಸಿಲಿಗೆ, ಬಂಡೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದ. ಅದು ತೊಳೆದು ಬಂದದ್ದೇ ತಡ, ಮತ್ತೆ ಮಸ್ಕಿಗೆ ಸವಾರಿ! ಅಲ್ಲಿ ಅಜ್ಜಿಯ ಮನೆಯಲ್ಲಿ ಠಿಕಾಣಿ ಹೂಡಿ, ಮೂರು ಸಂಜೆ ಗುಡ್ಡದ ಮೇಲೆ ಅಕ್ಕನ ಕೆನ್ನೆಯ ಪಕ್ಕ ಫೋಟೋ ಹಿಡಿದು ಬಣ್ಣ ಕಲಸಿದ, ಒರೆಸಿದ, ಮತ್ತೆ ಕಲಸಿದ. ಜೊತೆಗಿದ್ದ ಅವ್ವ, ಒಂದು ಚೂರು ಬೆಳ್ಳಗೆ ಮಾಡಪ್ಪಾ ಎಂದು ಅಂಗಲಾಚಿದಳು. ಕಾಕಾನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಯಾಕ್ರಿ ವೈನಿ? ಇದ್ದ ಬಣ್ಣಕ್ಕ ಏನಾಗೈತಿ?"

ಲಿಂಗಸುಗೂರಿಗೆ ಆ ಫೋಟೋವೇ ಹೋಯಿತು. ಗಂಡಿನವರು ಬಂದರು. ಹುಡುಗನ ತಾಯಿ ಫೋಟೋವನ್ನೂ ಅಕ್ಕನನ್ನೂ ನೋಡಿ, ಮತ್ತೆ ನೋಡಿ, ಎದ್ದು ಬಂದು ಅವಳ ಹಣೆಗೆ ಕುಂಕುಮ ಹಚ್ಚಿದರು. ಒಳಗೆ ಅವ್ವ ಅತ್ತಳು, ನಾನೂ ಅತ್ತೆ. ಅಕ್ಕ ಮಾತ್ರ ಅಳಲಿಲ್ಲ. ಆಮೇಲೆ ಹಿತ್ತಲಲ್ಲಿ, ಅಷ್ಟು ಹೊತ್ತು ಗುಡ್ಡದ ಮೇಲೆ ನಿಂತು ಬೇಸರವಾಗಲಿಲ್ಲವೇ ಎಂದು ಅವಳನ್ನು ಕೇಳಿದೆ.

"ಮೂರು ದಿನ ಕಾಕಾ ನನ್ನ ಮಾರಿ ಅಷ್ಟು ಹತ್ತಿರದಿಂದ ನೋಡ್ಯಾನ," ಎಂದಳು. "ಒಮ್ಮೆನೂ ಅಯ್ಯೋ ಅನ್ನಲಿಲ್ಲ."

ಅಷ್ಟು ಹೇಳಿ, ಆಗ ಅತ್ತಳು.