ಕುರ್ಚಿಯ ಮೂಲೆಯಲ್ಲಿ ಲೆಟ್ಯೂಸ್

ಕಟಿಂಗ್ ಅಂಗಡಿಯವನ ಮನೆಯಲ್ಲಿ ಒಂದು ಆರಾಮ ಕುರ್ಚಿ ಇತ್ತು, ಕಿಟಕಿ ಪಕ್ಕ ಅದಕ್ಕೊಂದು ಮೂಲೆಯೂ ಇತ್ತು. ಈಗ ಕುರ್ಚಿ ಇದೆ, ಮೂಲೆ ಇಲ್ಲ. ಮೂಲೆಯಲ್ಲಿ ಲೆಟ್ಯೂಸ್ ಸೊಪ್ಪು ಬೆಳೆಯುತ್ತಿದೆ.

ಊರವರನ್ನೆಲ್ಲ ಕೂರಿಸಿ ತಾನು ದಿನವಿಡೀ ನಿಂತೇ ಇರುವ ಮನುಷ್ಯ ಅವನು. ಸಂಜೆಯಾಗುವಷ್ಟರಲ್ಲಿ ಕಾಲುಗಳು ತನ್ನವೋ ಬಾಡಿಗೆಯವೋ ಎಂದು ಅನುಮಾನ ಬರುತ್ತಿತ್ತು. ಅಂಥವನ ಮೂಲೆಯನ್ನು ಹೆಂಡತಿ ಒಂದು ಪ್ಲಾಸ್ಟಿಕ್ ತೊಟ್ಟಿಗೆ ಬರೆದುಕೊಟ್ಟುಬಿಟ್ಟಳು. ಮಣ್ಣಿಲ್ಲದ ಬೇಸಾಯವಂತೆ. ಮುಚ್ಚಳದ ತೂತುಗಳಲ್ಲಿ ಜಾಲರಿ ಲೋಟ, ಲೋಟಕ್ಕೊಂದು ಸಸಿ, ಕೆಳಗೆ ನೀರಿನಲ್ಲಿ ಕಾಲು ಇಳಿಬಿಟ್ಟ ಬೇರು, ಮೇಲೆ ಕಣ್ಣು ಕುಕ್ಕುವ ದೀಪ, ಪಕ್ಕದಲ್ಲಿ ಅಜೀರ್ಣದ ಹೊಟ್ಟೆಯ ಹಾಗೆ ಗುಳುಗುಳು ಎನ್ನುವ ಪಂಪು. ಕುರ್ಚಿ ಬಾಗಿಲಾಚೆ ಮೆಟ್ಟಿಲ ಬಳಿಗೆ ಹೋಯಿತು. ಹತ್ತಿ ಇಳಿಯುವವರು ಅವನ ಮೊಣಕಾಲಿಗೆ ಚೀಲ ತಾಗಿಸಿ ಎಬ್ಬಿಸಿ, "ನಿದ್ದೆ ಮಾಡ್ತಿದ್ರಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಅವತ್ತು ಅಂಗಡಿಗೆ ವಾರದ ರಜೆ. ತಂಗಿಯ ಮನೆಗೆ ಹೊರಟಿದ್ದ ಹೆಂಡತಿ ಚಪ್ಪಲಿ ಮೆಟ್ಟುತ್ತಾ ಹೇಳಿದಳು:

"ರೀ, ಸಂಜೆ ಅವಳನ್ನ ಕರ್ಕೊಂಡೇ ಬರ್ತೀನಿ. ಗಿಡ ಚೆನ್ನಾಗಿದ್ರೆ ತೊಟ್ಟಿ ಸಮೇತ ತಗೊಂಡು ಹೋಗ್ತಾಳಂತೆ. ಅವಳ ಮನೇಲಿ ಒಂದು ರೂಮೇ ಖಾಲಿ ಬಿದ್ದಿದೆ."

ಅವನ ಮೊಣಕಾಲಿಗೇ ಆ ಮಾತು ಮೊದಲು ಕೇಳಿಸಿತು. "ಚೆನ್ನಾಗಿಲ್ದಿದ್ರೆ?"

"ಮತ್ತೆ ಬೀಜ ಹಾಕೋದು, ಇಲ್ಲೇ. ಮಧ್ಯಾಹ್ನ ಆ ಎರಡು ಬಾಟ್ಲಿಯಿಂದ ಒಂದೊಂದು ಮುಚ್ಚಳ ಗೊಬ್ಬರದ ನೀರು ಹಾಕಿ. ನಿದ್ದೆ ಹೊಡೆದು ಮರೀಬೇಡಿ."

ಅವನು ಮರೆಯಲಿಲ್ಲ. ಕೂಸಿಗೆ ಔಷಧ ಕುಡಿಸುವಷ್ಟು ಜೋಪಾನವಾಗಿ ಹಾಕಿದ. ಆಮೇಲೆ ಮೆಟ್ಟಿಲ ಬಳಿ ಹೋಗಿ ಕುರ್ಚಿಗೆ ಒರಗಿದ್ದೇ ತಡ, ಕಲ್ಲು ಬಾವಿಗೆ ಬಿದ್ದಂತೆ ನಿದ್ದೆಗೆ ಬಿದ್ದ.

ಎಚ್ಚರವಾದಾಗ ಎದುರು ಮನೆಯ ಕಾಂಪೌಂಡರ್ ತಾತ ಇವನ ಮನೆಯೊಳಗಿಂದ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದರು.

"ಮಲ್ಕೋ ಮಲ್ಕೋ. ನಿನ್ನ ಕೆಲ್ಸ ನಾನೇ ಮುಗಿಸಿದೆ. ನೀನು ಮರೀತೀಯಾ ಅಂತ ನಿನ್ನ ಹೆಂಡ್ತಿ ನನಗೆ ಹೇಳಿ ಹೋಗಿದ್ಲು. ಮೂರ್ಮೂರು ಮುಚ್ಚಳ ಹಾಕಿದ್ದೀನಿ. ಡೋಸ್ ಕಮ್ಮಿಯಾದ್ರೆ ಗುಣ ಕಾಣಲ್ಲ."

"ಅಯ್ಯೋ ತಾತ, ನಾನೂ ಹಾಕಿದ್ದೆ!"

"ನೀವೂನಾ?" ಕೆಳಗಿನ ಮನೆಯ ಟೈಲರಮ್ಮ ಮೆಟ್ಟಿಲಲ್ಲೇ ನಿಂತುಬಿಟ್ಟಳು. "ನನಗೂ ಹೇಳಿದ್ರಲ್ಲ ಅಕ್ಕ! ನೀವು ಗೊರಕೆ ಹೊಡೀತಿದ್ರಿ, ದಾಟ್ಕೊಂಡು ಹೋಗಿ ಹಾಕ್ಬಂದೆ. ನಾನು ಬಟ್ಟೆನೇ ಒಂದು ಗೇಣು ಜಾಸ್ತಿ ಬಿಡೋಳು. ಅರ್ಧರ್ಧ ಬಾಟ್ಲಿ ಸುರಿದೆ."

ಒಳಗೆ ಓಡಿ ನೋಡಿದರೆ, ಎಣ್ಣೆ ಜಾಸ್ತಿಯಾದ ಗಿರಾಕಿಯ ಕೂದಲಿನ ಹಾಗೆ ಎಲೆಗಳು ಮುಚ್ಚಳಕ್ಕೆ ಅಂಟಿಕೊಂಡು ಮಲಗಿದ್ದವು. ಅವನೂ ಪಕ್ಕದಲ್ಲಿ ಮಲಗಿಬಿಡೋಣ ಅನ್ನಿಸಿತು.

"ಗ್ಲೂಕೋಸ್ ಕೊಡೋಣ," ಎಂದರು ತಾತ.

"ದಾರ ಕಟ್ಟಿ ನಿಲ್ಲಿಸ್ಲಾ? ಹಸಿರು ದಾರ ಇದೆ, ಕಾಣಲ್ಲ," ಎಂದಳು ಟೈಲರಮ್ಮ.

ಅವನಿಗೆ ಜಗಳವಾಡಲೂ ತ್ರಾಣವಿರಲಿಲ್ಲ. ಬಾಡಿದ ಸಸಿಗಳನ್ನು ಲೋಟದ ಸಮೇತ ಕಿತ್ತು, ಹೆಂಡತಿಯ ಕಣ್ಣಿಗೆ ಬೀಳದಿರಲೆಂದು ಬಚ್ಚಲಲ್ಲಿ ನೀರು ತುಂಬಿದ್ದ ಬಕೆಟ್ಟಿಗೆ ಇಳಿಸಿ ಬಾಗಿಲು ಎಳೆದುಕೊಂಡ. ತರಕಾರಿ ಅಂಗಡಿಗೆ ಹೋಗಿ ಇದ್ದಷ್ಟು ಲೆಟ್ಯೂಸ್ ತಂದ. ಅಂಗಡಿಯ ಎಲೆಕೋಸಿನಂಥ ಗಡ್ಡೆಗಳೋ ಹೊಟ್ಟೆ ಬಂದ ಸಾಹುಕಾರರ ಹಾಗೆ, ತೂತಿನಲ್ಲಿ ಕೂರಲೊಲ್ಲವು. ಕತ್ತರಿ ತೆಗೆದು, ಸುತ್ತಲೂ ಸವರಿ, ಹಿಂದೆ ಸಣ್ಣಗೆ ಮುಂದೆ ಸ್ವಲ್ಪ ಉದ್ದ ಬಿಟ್ಟು, ಪ್ರತಿಯೊಂದಕ್ಕೂ ಕಟಿಂಗ್ ಮಾಡಿ, ಮನೆಯಲ್ಲಿ ಮಿಕ್ಕಿದ್ದ ಹೊಸ ಲೋಟಗಳಲ್ಲಿ ಕೂರಿಸಿದ. ರಜೆಯ ದಿನವೂ ನಿಂತೇ ಕಳೆಯಿತು.

ಸಂಜೆ ಹೆಂಡತಿ, ನಾದಿನಿ ಬಂದರು. ತಾತ, ಟೈಲರಮ್ಮ ತಪ್ಪು ಮಾಡಿದ ಮಕ್ಕಳಂತೆ ಬಾಗಿಲಲ್ಲಿ ನಿಂತಿದ್ದರು.

"ಅಯ್ಯೋ ಭಾವ!" ನಾದಿನಿ ಎರಡೂ ಕೆನ್ನೆಗೆ ಕೈ ಹಚ್ಚಿದಳು. "ಬೆಳಿಗ್ಗೆ ಅಕ್ಕ ತೋರಿಸಿದ ಫೋಟೋದಲ್ಲಿ ಅಂಗೈಯಗಲ ಇತ್ತು, ಈಗ ಮೊರದಗಲ ಆಗಿದೆ! ಕಟಿಂಗ್ ಮಾಡಿಸ್ಕೊಂಡ ಹಾಗೆ ಎಷ್ಟು ಒಪ್ಪವಾಗಿದೆ!"

"ತಗೊಂಡು ಹೋಗಮ್ಮ. ದೀಪ, ಪಂಪು, ಎಲ್ಲಾ ನಿಂದೇ." ಅವನು ತೊಟ್ಟಿಯ ಒಂದು ತುದಿ ಎತ್ತಿಯೂ ಆಗಿತ್ತು.

ಇನ್ನೊಂದು ತುದಿಗೆ ಯಾರೂ ಕೈ ಹಾಕಲಿಲ್ಲ.

"ಉಹುಂ ಭಾವ. ಅಕ್ಕನಿಗೂ ಹೇಳಿರ್ಲಿಲ್ಲ, ನಾನೂ ಎರಡು ತೊಟ್ಟಿ ಇಟ್ಟಿದ್ದೆ, ಎಲ್ಲಾ ಸೊರಗಿಹೋಯ್ತು. ಇದನ್ನೂ ನನ್ನ ಕೈಯಾರೆ ಕೊಲ್ಲೋದಾ? ಒಂದೇ ದಿನಕ್ಕೆ ಹೀಗೆ ಬೆಳೆಸಿದ್ದೀರಾ ಅಂದ್ರೆ ಅದು ನಿಮ್ಮ ಕೈಗುಣ. ನನ್ನ ಎರಡನ್ನೂ ನಾಳೆ ಇಲ್ಲಿಗೇ ಕಳಿಸ್ತೀನಿ."

ನಿಜ ಹೇಳಿಬಿಡೋಣವೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಕಾಲು ತೊಳೆಯಲು ಹೋಗಿದ್ದ ಹೆಂಡತಿ ಬಚ್ಚಲಿಂದ ಕೂಗಿದಳು.

"ರೀ! ಬಕೆಟ್ ತುಂಬ ಬೆಳೆಸಿದ್ದೀರಲ್ರೀ! ನನಗೊಂದು ಮಾತು ಹೇಳ್ಲಿಲ್ಲ!"

ಬರೀ ನೀರು ಕುಡಿದ ಸಸಿಗಳು ಮೈಮುರಿದುಕೊಂಡು, ಎಲೆ ಬಿಚ್ಚಿ, ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಹಾಗೆ ನಿಂತಿದ್ದವು. ಆ ಮನೆಯಲ್ಲಿ ಅವತ್ತು ವಿಶ್ರಾಂತಿ ಸಿಕ್ಕಿದ್ದು ಅವಕ್ಕೆ ಮಾತ್ರ.

"ನಾನು ಹೇಳ್ಲಿಲ್ವಾ? ಡೋಸ್ ಕೆಲಸ ಮಾಡಿದೆ," ಎಂದರು ತಾತ.

"ಇವನ್ನ ಎಲ್ಲಿಡೋದು?" ಹೆಂಡತಿ ಸುತ್ತ ನೋಡಿದಳು. ಟೈಲರಮ್ಮ ಆಗಲೇ ಕೊರಳಿನ ಟೇಪು ಬಿಚ್ಚಿ ಮೆಟ್ಟಿಲ ಬಳಿ ಅಳೆಯುತ್ತಿದ್ದಳು. "ಈ ಕುರ್ಚಿ ಎತ್ತಿಬಿಟ್ರೆ ಮೂರು ತೊಟ್ಟಿ ಸಲೀಸಾಗಿ ಹಿಡಿಯತ್ತೆ, ಅಕ್ಕ!"

ಅವನು ಸದ್ದಿಲ್ಲದೆ ಮೆಟ್ಟಿಲಿಳಿದ. ಅಂಗಡಿಯ ಬಾಗಿಲು ಅರ್ಧ ಎತ್ತಿ, ಗಿರಾಕಿಗಳ ಕುರ್ಚಿಯಲ್ಲಿ ಕೂತು, ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ಆಹಾ, ಇಷ್ಟು ವರ್ಷ ಜನ ಇಂಥ ಸುಖ ಪಡುತ್ತಿದ್ದರೇ?

ಬಾಗಿಲ ಕೆಳಗಿಂದ ಒಂದು ತಲೆ ಇಣುಕಿತು. ಕೂದಲು ಕಿವಿ ದಾಟಿತ್ತು.

"ಓ, ರಜೆ ಅನ್ಕೊಂಡಿದ್ದೆ. ತೆಗೆದಿದ್ದೀರಲ್ಲ, ಒಳ್ಳೇದಾಯ್ತು."

ಅವನು ಎದ್ದು ನಿಂತ.