ಮುಂಗಡ ಚಪ್ಪಾಳೆ

2024ರ ನವೆಂಬರ್ 16, ಶನಿವಾರ, ಬೆಳಗ್ಗೆ 7 ಗಂಟೆ 40 ನಿಮಿಷ. ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಕೆಮಿಸ್ಟ್ ಲೀಲಾಧರ ಇನ್ನೇನು ಕಣ್ಣು ಮುಚ್ಚಬೇಕು, ಮನೆಯ ಸೂರು ಗುಂಯ್‌ಗುಟ್ಟಿತು. ಮೇಲಿನ ಮನೆಯ ಅಶ್ಮಿತಾ ಚೆಲ್ಲೊ ನುಡಿಸಲು ಕೂತಿದ್ದಳು.

ಚೆಲ್ಲೊ ಎಂದರೆ ಪಿಟೀಲಿನ ದೊಡ್ಡಪ್ಪ. ಅದರ ಕಬ್ಬಿಣದ ಮೊಳೆಗಾಲನ್ನು ನೆಲಕ್ಕೆ ಊರಿ ನುಡಿಸುತ್ತಾರೆ. ಊರಿದಾಗ ನೆಲವೂ ವಾದ್ಯದ ಹೊಟ್ಟೆಯಾಗುತ್ತದೆ. ಆ ಹೊಟ್ಟೆಯ ಅಡಿಮೈ ಲೀಲಾಧರನ ಸೂರು. ಹದಿನೇಳರ ಹುಡುಗಿ ಮಹಾ ಪ್ರತಿಭಾವಂತೆ ಎಂದು ಊರೆಲ್ಲ ಹೇಳುತ್ತಿತ್ತು. ಅವನಿಗೆ ದಕ್ಕಿದ್ದು ಮಾತ್ರ ಹಿಟ್ಟಿನ ಗಿರಣಿಯಲ್ಲಿ ಮಲಗಿದ ಸುಖ. ಕಳೆದ ತಿಂಗಳು ಅವನು ಪಾಳಿಯಲ್ಲಿ ತೂಕಡಿಸಿ, ವಾಲ್ವ್ ಮುಚ್ಚುವುದು ತಡವಾಗಿ, ಜೊತೆಗಾರನೊಬ್ಬನ ಕೈ ಮೊಣಕೈವರೆಗೆ ಬೆಂದಿತ್ತು. ಇನ್ನೊಮ್ಮೆ ಕಣ್ಣು ಮುಚ್ಚಿದರೆ ಕೆಲಸವಿಲ್ಲ ಎಂದಿದ್ದರು ಮ್ಯಾನೇಜರು. ಮುಂದಿನ ಸಲ ಯಾರ ಕೈ ಎಂದು ಅವರು ಹೇಳಿರಲಿಲ್ಲ.

ಉಪಾಯವೊಂದಿತ್ತು. ಅಶ್ಮಿತಾಳನ್ನು ಸೇರಿಸಿಕೊಳ್ಳಲು ಚೆನ್ನೈನ ವಸತಿ ಸಂಗೀತಶಾಲೆಯೊಂದು ಸಿದ್ಧವಿತ್ತು. ಅವಳ ಸಂಗೀತ ಕಚೇರಿಯ ಬಗ್ಗೆ ಅಚ್ಚಾದ ಒಂದು ವಿಮರ್ಶೆ ಕೇಳಿತ್ತು, ಅಷ್ಟೆ. ಲೀಲಾಧರ ಕನ್ನಡ ಸಂಘದ ಮಾಸಪತ್ರಿಕೆಯ ಸಂಪಾದಕ. ಸಂಘದಲ್ಲಿ ಕಚೇರಿ ಇಡಿಸಿದವನು ಅವನೇ, ವಿಮರ್ಶೆ ಬರೆದವನೂ ಅವನೇ. ಬರೆದದ್ದು ಕಚೇರಿಗೆ ಮೊದಲೇ. ಕಾರ್ಯಕ್ರಮ ಮುಗಿದು ಜನ ಚಪ್ಪಲಿ ಹುಡುಕುವಾಗಲೇ ಅದರ ವರದಿಯುಳ್ಳ ಸಂಚಿಕೆಯನ್ನು ಕೈಗಿಡುವುದು ಸಂಘದ ಹಳೆಯ ಹೆಮ್ಮೆ. ‘ಕಣ್ಣೀರಿಡದವರಿರಲಿಲ್ಲ. ಅಧ್ಯಕ್ಷ ಶಿವರಾಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೊಂಬಿವಲಿಯಂಥ ರಸಿಕರು ಬೇರೆಲ್ಲೂ ಸಿಗರು’ ಎಂದು ಮುಗಿಸಿದ್ದ. ಸಂಚಿಕೆಯ ಕಟ್ಟುಗಳು ಅವನ ಮಂಚದಡಿಯಲ್ಲಿದ್ದವು. ಕಚೇರಿ ಇವತ್ತು ಸಂಜೆ.

ಫೋನ್ ಬಂತು. ಸಂಘದ ಕಾರ್ಯದರ್ಶಿ ಮುರಾರಿ.

“ಎಂತ ಲೀಲಣ್ಣ, ನಿನ್ನೆಯಿಂದ ಫೋನೇ ತೆಗೀಲಿಲ್ಲ ನೀವು? ಶಿವರಾಯರು ತೀರಿಹೋದ್ರು ಮಾರಾಯ್ರೆ! ಹಾರ್ಟು. ಮಣ್ಣೂ ಆಯ್ತು. ಇವತ್ತು ಕಚೇರಿ ಕ್ಯಾನ್ಸಲ್, ಅದೇ ಹಾಲ್‌ನಲ್ಲಿ ಶ್ರದ್ಧಾಂಜಲಿ.”

“ಹಾಗಾದ್ರೆ ಚಪ್ಪಾಳೆ?”

“ಯಾವ ಚಪ್ಪಾಳೆ?”

“ನಾನೂರು ಪ್ರತಿಯಲ್ಲಿ ಅವರು ಎದ್ದು ನಿಂತಿದ್ದಾರಲ್ಲ ಮುರಾರಿ!”

ಮುರಾರಿ ಓಡಿಬಂದ. ಇಬ್ಬರೂ ನೆಲದ ಮೇಲೆ ಸಂಚಿಕೆಗಳನ್ನು ಹರಡಿ ಪೆನ್ನು ಹಿಡಿದರು.

“‘ಮೇಲಿಂದಲೇ ಚಪ್ಪಾಳೆ ತಟ್ಟಿದರು’ ಅಂತ ತಿದ್ದುವನಾ?” ಮುರಾರಿ ಯೋಚಿಸಿ ಹೇಳಿದ. “ಸುಳ್ಳು ಅಂತ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ.”

ಅಷ್ಟರಲ್ಲಿ ಅಶ್ಮಿತಾ ತಾಯಿ ಜಯಲತಾಳೊಂದಿಗೆ ಕೆಳಗಿಳಿದು ಬಂದಳು. “ವಿಮರ್ಶೆ ಕಳಿಸ್ಲಿಕ್ಕೆ ಇವತ್ತೇ ಕೊನೆ ದಿನ ಅಲ್ವಾ ಅಣ್ಣ?” ಎಂದಳು ಜಯಲತಾ. ಕಳಿಸಿಬಿಡಿ ಎಂದು ಲೀಲಾಧರ ಬಾಯಿ ತೆರೆಯುವ ಮೊದಲೇ ಮಗಳು ತಲೆಯಾಡಿಸಿದಳು.

“ಬಿನಾ ಬಜಾಯೆ ತಾರೀಫ್? ನಹೀ ಅಂಕಲ್. ಬಜಾವೂಂಗೀ, ತಭೀ ಭೇಜೂಂಗೀ.”

ನುಡಿಸದೆ ಹೊಗಳಿಕೆ ಕಳಿಸಲು ಅವಳು ಒಪ್ಪಳು; ಸಾವಿನ ಸಭೆಯಲ್ಲಿ ನುಡಿಸಲು ಸಂಘ ಒಪ್ಪದು. ತೀರಿಹೋದವರ ಹೆಂಡತಿಯೇ ಒಪ್ಪಿದರೆ ಸಂಘವೂ ಬಾಯಿ ಮುಚ್ಚೀತೆಂದು ಲೀಲಾಧರ ಪಕ್ಕದ ಠಾಕುರ್ಲಿಗೆ ಹೋಗಿ ಶಿವರಾಯರ ಹೆಂಡತಿ ಸಾಬವ್ವನ ಮುಂದೆ ಕೂತ. ನಿದ್ದೆಗೆಟ್ಟ ಅವನ ಕಣ್ಣುಗಳು ಕೆಂಡದಂತಿದ್ದವು. ಅತ್ತು ಅತ್ತು ಹೀಗಾಗಿದೆಯೆಂದು ಆಕೆ ಅವನಿಗೇ ಸಮಾಧಾನ ಹೇಳಿದಳು. ಸಂಚಿಕೆ ತಿದ್ದುವ ಮಾತನ್ನೂ ಹುಡುಗಿ ನುಡಿಸುವ ಮಾತನ್ನೂ ಅವನು ಮುಂದಿಟ್ಟ.

“ನಿಮ್ಮ ಪತ್ರಿಕಿ ಗುರುವಾರನs ಬಂತ್ರಿ. ಅಧ್ಯಕ್ಷರಿಗೆ ಮೊದಲನೇದು ಅಲ್ರಿ? ಮೂರು ಸಲ ಓದಿದ್ರು. ‘ಸಾಬವ್ವ, ಇಲ್ಲಿ ನಾ ಎದ್ದು ನಿಂತೀನಿ ನೋಡು’ ಅಂತ ನಕ್ಕ್ರು. ಮೊಣಕಾಲು ಹಿಡದು ನಾಕು ವರ್ಷ ಆಗಿತ್ರಿ, ಆಸರಿಲ್ದ ಒಮ್ಮೆನೂ ಎದ್ದಿದ್ದಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಅದರಾಗ ಒಂದಕ್ಷರ ಹೊಡದ್ರ ನೋಡ್ರಿ ಮತ್ತ. ಆ ಹುಡುಗಿ ಬಾರಿಸ್ಲಿ.”

ಸಂಜೆ, ಹಾರ ಹಾಕಿದ ಫೋಟೋದ ಪಕ್ಕದಲ್ಲಿ ಅಶ್ಮಿತಾ ಕೂತಳು. ದೂರದ ಸೀವುಡ್ಸ್‌ನಿಂದ ಬಂದಿದ್ದ ಅವಳ ಗುರು ರಂಜನ್ ಮೂಲೆಯಲ್ಲಿ ನಿಂತಿದ್ದರು. ಮೊದಲ ಎಳೆತಕ್ಕೇ ಲೀಲಾಧರನ ನಿದ್ದೆ ಹಾರಿತು. ಇಷ್ಟು ದಿನ ಅವನ ಮನೆಗೆ ಇಳಿದದ್ದು ವಾದ್ಯದ ಕಾಲಿನ ಸದ್ದು. ಹಾಡು ಮೇಲೆಯೇ ಉಳಿದಿತ್ತು. ಅಳುವುದನ್ನು ಮುಗಿಸಿದವರು ನಡೆದದ್ದನ್ನು ಮೆಲ್ಲಗೆ ಹೇಳುವಂತಿತ್ತು ಆ ದನಿ. ಬೆಂದ ಕೈ ಅವನ ಕಣ್ಣಮುಂದೆ ಬಂತು. ಬರೆಯಬೇಕೆನಿಸಿತು, ಆದರೆ ಒಳ್ಳೆಯ ಮಾತುಗಳನ್ನೆಲ್ಲ ಆಗಲೇ ಖರ್ಚು ಮಾಡಿಬಿಟ್ಟಿದ್ದ.

ಮುಗಿದಾಗ ಕಣ್ಣೀರಿಡದವರಿರಲಿಲ್ಲ. ಆದರೆ ಶ್ರದ್ಧಾಂಜಲಿಯಲ್ಲಿ ಚಪ್ಪಾಳೆ ತಟ್ಟುವವರು ಯಾರು? ಆಗ ಮುಂದಿನ ಸಾಲಿನಲ್ಲಿ ಸಾಬವ್ವ ಎದ್ದು ನಿಂತು, ಗಂಡನ ಪಾಲಿನದನ್ನು ತಾನು ತಟ್ಟಿದಳು. ಹಿಂದೆಯೇ ಹಾಲ್‌ಗೆ ಹಾಲೇ ಎದ್ದಿತು. ತಾನು ಬರೆದದ್ದು ಹೆಚ್ಚುಕಡಿಮೆ ಅಕ್ಷರಶಃ ನಡೆಯುವುದನ್ನು ಲೀಲಾಧರ ಬೆಪ್ಪಾಗಿ ನೋಡಿದ. ಹುಡುಗಿ ಇನ್ನು ಚೆನ್ನೈಗೆ; ತಾನು ಹಾಸಿಗೆಗೆ.

ಸಾಬವ್ವ ಮೈಕ್ ಹಿಡಿದಳು.

“ಇಂಥಾ ಕೂಸಿನ್ನ ದೂರ ಯಾಕ ಕಳಸ್ತೀರಿ? ಇಂಥಾ ರಸಿಕರು ಬ್ಯಾರೆ ಕಡಿ ಸಿಗಂಗಿಲ್ಲಂತ ಸಂಪಾದಕರs ಬರದಾರ. ನಮ್ಮವರು ಓದ್ಯಾರ, ಒಪ್ಯಾರ. ಗುರುಗಳು ಇಲ್ಲೇ ಬಂದು ದಿನಾ ಕಲಸ್ಲಿ. ಖರ್ಚು ನಮ್ಮವರ ಹೆಸರಿನ್ಯಾಗ ನಾ ಕೊಡ್ತೀನಿ.”

ಮತ್ತೆ ಚಪ್ಪಾಳೆ. ಜಯಲತಾ ಲೀಲಾಧರನ ಎರಡೂ ಕೈ ಹಿಡಿದಳು. “ನಿಮ್ಮ ಬರಹದಿಂದ ನನ್ನ ಮಗಳು ಮನೆಯಲ್ಲೇ ಉಳಿದ್ಲು ಅಣ್ಣ!”

ಅಶ್ಮಿತಾ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು. “ಅಂಕಲ್, ಸಚ್ ಬೋಲೋ. ಅಚ್ಛಾ ಥಾ?”

“ಹೂಂ,” ಎಂದ ಲೀಲಾಧರ. ಅವನು ಅವಳಿಗೆ ಕೊಟ್ಟ ಮೊದಲ ನಿಜವಾದ ವಿಮರ್ಶೆ ಅಷ್ಟೆ. ಅದು ಅಚ್ಚಾಗಲಿಲ್ಲ.

ಎಂಟೂವರೆಗೆ ಮನೆಗೆ ಬಂದ. ಪಾಳಿ ಹತ್ತಕ್ಕೆ. ಅಲ್ಲಿ ಅದೇ ವಾಲ್ವ್ ಕಾಯುತ್ತಿತ್ತು. ಒಂದು ಗಂಟೆ ಸಿಕ್ಕರೂ ಸಾಕೆಂದು ದಿಂಬಿಗೆ ತಲೆಯಿಟ್ಟ. ಮೇಲೆ ಮೊಳೆಗಾಲೊಂದು ನೆಲಕ್ಕೆ ಊರಿದ ಸದ್ದಾಯಿತು. ಪಕ್ಕದಲ್ಲಿ ಇನ್ನೊಂದು. ಗುರುಗಳು ಇವತ್ತೇ ಪಾಠ ಶುರುಮಾಡಿದ್ದರು.

ಕಟ್ಟಡದ ಸೊಸೈಟಿಗೆ ದೂರು ಕೊಡಲೆಂದು ಹಾಕಿಕೊಂಡಿದ್ದ, ಸದ್ದು ಅಳೆಯುವ ಆ್ಯಪನ್ನು ಲೀಲಾಧರ ಫೋನಿನಲ್ಲಿ ತೆರೆದ. ಒಂದು ಚೆಲ್ಲೊ ಇದ್ದಾಗ ಅರವತ್ತೆರಡು ತೋರಿಸುತ್ತಿತ್ತು. ಸದ್ದಿನ ಮೂಲ ಎರಡಾದರೆ ಮೂರು ಏರಬೇಕೆಂಬುದು ಬಿ.ಎಸ್ಸಿ. ಓದಿದವನಿಗೆ ಗೊತ್ತಿತ್ತು. ಆದರೂ ಅಳೆದ.

ಅರವತ್ತೈದು ಡೆಸಿಬಲ್.